ಬ್ಯಾಕಪ್ ತುಂಬಿತ್ತು, ಯಾರಿಗೂ ಗೊತ್ತಾಗಲಿಲ್ಲ

ನಿಮ್ಮ ಫೋನಿನಲ್ಲಿ ವಾಟ್ಸಾಪ್ ಒಂದೇ ಎಷ್ಟು ಜಾಗ ತಿಂದಿದೆ ಅಂತ ಯಾವತ್ತಾದ್ರೂ ನೋಡಿದ್ದೀರಾ? ಎಷ್ಟೋ ಜನರದ್ದು 10 ಜಿಬಿ ದಾಟಿರುತ್ತೆ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸ್ಟುಡಿಯೋದಲ್ಲಿ ‘ಟಾಯ್ ಸ್ಟೋರಿ 2’ ಸಿನಿಮಾದ ಫೈಲುಗಳೆಲ್ಲ ಸೇರಿ ಇದ್ದದ್ದೇ ಸುಮಾರು 10 ಜಿಬಿ. ಆ ಸಿನಿಮಾ ಅಳಿಸಿಹೋದ ಕಥೆಯನ್ನು ನೀವು ಕೇಳಿರಬಹುದು. ಆದರೆ ಬ್ಯಾಕಪ್ ಯಾಕೆ ಕೈಕೊಟ್ಟಿತು ಅನ್ನೋದನ್ನ ಯಾರೂ ಹೆಚ್ಚು ಹೇಳೋದಿಲ್ಲ. ನನಗೆ ಅದೇ ನಿಜವಾದ ಕಥೆ ಅನ್ನಿಸುತ್ತೆ.

ಯಾರೋ ಸರ್ವರ್‌ನಲ್ಲಿ ಎಲ್ಲವನ್ನೂ ಅಳಿಸುವ ಕಮಾಂಡ್ ಕೊಟ್ಟುಬಿಟ್ಟರು. ತಾಂತ್ರಿಕ ತಂಡದ ಓರೆನ್ ಜೇಕಬ್ ನೋಡ್ತಾ ಇದ್ದ ಹಾಗೇ ನಾಯಕ ವುಡಿಯ ಟೋಪಿ ಹೋಯ್ತು, ಬೂಟು ಹೋಯ್ತು, ಆಮೇಲೆ ವುಡಿಯೇ ಇಲ್ಲ! ‘ಮಷೀನಿನ ಪ್ಲಗ್ ಕೀಳಿ’ ಅಂತ ಫೋನ್ ಮಾಡಿ ನಿಲ್ಲಿಸುವಷ್ಟರಲ್ಲಿ ಸಿನಿಮಾದ ಸುಮಾರು ಶೇ 90ರಷ್ಟು ಭಾಗ ಮಾಯ.

ಬ್ಯಾಕಪ್ ಇತ್ತು, ಟೇಪಿನಲ್ಲಿ. ಆದರೆ ಜೇಕಬ್ ಆಮೇಲೆ ವಿವರಿಸಿದ ಪ್ರಕಾರ ಅದರ ಮಿತಿ 4 ಜಿಬಿ. ಕೆಲಸ ಬೆಳೆದ ಹಾಗೆ ಆ ಮಿತಿ ಮುಟ್ಟಿತ್ತು. ಇನ್ನೂ ವಿಚಿತ್ರ ಏನು ಗೊತ್ತಾ? ‘ಜಾಗ ತುಂಬಿದೆ’ ಅಂತ ದಾಖಲಿಸಬೇಕಿದ್ದ ಎರರ್ ಲಾಗ್ ಕೂಡ ಅದೇ ತುಂಬಿದ ಜಾಗದಲ್ಲಿತ್ತು. ದೂರು ಬರೆಯೋಕೆ ಪುಸ್ತಕದಲ್ಲಿ ಹಾಳೆಯೇ ಇಲ್ಲ! ಲಾಗ್‌ನ ಗಾತ್ರ ಸೊನ್ನೆ. ನೋಡಿದವರಿಗೆ ಎಲ್ಲ ಸರಿಯಿದೆ ಅಂತಲೇ ಅನ್ನಿಸಿತ್ತು.

ಕೊನೆಗೆ ಕಾಪಾಡಿದ್ದು ಗ್ಯಾಲಿನ್ ಸುಸ್ಮನ್ ಅವರ ಮನೆಯ ಕಂಪ್ಯೂಟರ್. ಮಗು ಹುಟ್ಟಿದ್ದರಿಂದ ಅವರು ಮನೆಯಲ್ಲೇ ಕೆಲಸ ಮಾಡ್ತಿದ್ದರು, ಸಿನಿಮಾದ ಪ್ರತಿ ಅಲ್ಲಿತ್ತು. ಅದನ್ನು ಕಂಬಳಿಯಲ್ಲಿ ಸುತ್ತಿ, ಸೀಟ್ ಬೆಲ್ಟ್ ಬಿಗಿದು, ಕಾರಿನಲ್ಲಿ ಸ್ಟುಡಿಯೋಗೆ ತಂದರು. ಆಮೇಲೆ ಸುಮಾರು 30,000 ಫೈಲುಗಳನ್ನು ಒಂದೊಂದಾಗಿ ಜನರೇ ಪರಿಶೀಲಿಸಬೇಕಾಯಿತು. ತಮಾಷೆ ಅಂದ್ರೆ, ಇಷ್ಟೆಲ್ಲ ಮಾಡಿ ಉಳಿಸಿದ ಸಿನಿಮಾ ಸ್ಟುಡಿಯೋದವರಿಗೇ ಹಿಡಿಸಲಿಲ್ಲ. ಬಹುಪಾಲು ಮತ್ತೆ ಮಾಡಿ 1999ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದರು.

‘ಬ್ಯಾಕಪ್‌ಗೆ ಎಷ್ಟು ಜಾಗ ಬೇಕು’ ಅಂತ ಕೇಳಿದರೆ ನಾವು ಇವತ್ತಿನ ಲೆಕ್ಕ ಹೇಳ್ತೀವಿ. ಲ್ಯಾಪ್‌ಟಾಪ್ ಡಿಸ್ಕ್ 500 ಜಿಬಿ, ಬಳಸಿದ್ದು 120 ಜಿಬಿ ಅಂತಿಟ್ಟುಕೊಳ್ಳಿ. ಸಾಮಾನ್ಯವಾಗಿ ಸಿಸ್ಟಮ್ ಇಮೇಜ್‌ಗೆ ಬೇಕಾಗೋದು ಬಳಸಿದ ಭಾಗದಷ್ಟೇ. ಕುಗ್ಗಿಸಿದರೆ ಇನ್ನೂ ಕಡಿಮೆ. ಫೋಟೋ, ವಿಡಿಯೋ ಮಾತ್ರ ಮೊದಲೇ ಕುಗ್ಗಿರೋದರಿಂದ ಅಷ್ಟಾಗಿ ಇಳಿಯಲ್ಲ. ಆದರೆ ಮುಂದಿನ ತಿಂಗಳು ಇನ್ನೊಂದು ಪೂರ್ತಿ ಇಮೇಜ್ ತೆಗೆದರೆ ಮತ್ತೆ ಅಷ್ಟೇ ಜಾಗ ಬೇಕು, ಅಷ್ಟರೊಳಗೆ ಆ 120 ಕೂಡ ಬೆಳೆದಿರುತ್ತೆ. ಬದಲಾದದ್ದನ್ನಷ್ಟೇ ಸೇರಿಸುವ ಬ್ಯಾಕಪ್ ಇದಕ್ಕೇ ಬಂದಿದ್ದು.

ಫೋನಿನಲ್ಲೂ ಇದೇ ಪಾಡು. ಗೂಗಲ್ ಉಚಿತವಾಗಿ ಕೊಡುವ 15 ಜಿಬಿಯನ್ನು ಜಿಮೇಲ್, ಡ್ರೈವ್, ಫೋಟೋಸ್ ಹಂಚಿಕೊಳ್ಳುತ್ತವೆ. ತುಂಬಿದರೆ ಹೊಸ ಫೋಟೋಗಳ ಬ್ಯಾಕಪ್ ನಿಲ್ಲುತ್ತೆ. ಪಿಕ್ಸಾರ್‌ನವರಿಗೆ ಎಚ್ಚರಿಕೆ ಸಿಗಲೇ ಇಲ್ಲ. ನಮಗೆ ನೋಟಿಫಿಕೇಶನ್ ಬರುತ್ತೆ, ನಾವು ಸ್ವೈಪ್ ಮಾಡಿ ಬಿಸಾಕ್ತೀವಿ. ಸೆಟ್ಟಿಂಗ್ಸ್‌ನಲ್ಲಿ ಕೊನೆಯ ಬ್ಯಾಕಪ್ ಆದ ದಿನಾಂಕ ಕೂಡ ಇರುತ್ತೆ, ಈಗಲೇ ಒಮ್ಮೆ ನೋಡಿ.