ಮೂರು ನಿಮಿಷದ ತಟ್ಟೆ

ರೋಣ, ನರಗುಂದ, ಗಜೇಂದ್ರಗಡಗಳ ಎರೆಸೀಮೆಯಿಂದ ಹೊರಟು ದೇಶದ ತುಂಬ ಕೇಳಿಸಿದ ಕಂಠ ಯಾರದೆಂದು ವಾಚಕರಿಗೆ ಹೇಳಬೇಕಾದುದಿಲ್ಲ. ಪಂಡಿತ ಭೀಮಸೇನ ಜೋಶಿಯವರು 1922ರ ಫೆಬ್ರವರಿ 4ರಂದು ರೋಣದಲ್ಲಿ ಜನಿಸಿದರು. ಅವರ ಬೈಠಕ್ಕುಗಳ ಮಾತನ್ನು ಎಲ್ಲರೂ ಆಡುವರು. ಮೊದಲ ಧ್ವನಿಮುದ್ರಿಕೆಯ ಮಾತು ಅಪರೂಪ. ಆದರೆ ಅದಕ್ಕೂ ಮುಂಚೆ ಇನ್ನೊಬ್ಬರ ತಟ್ಟೆಯ ಕತೆಯನ್ನು ಹೇಳಬೇಕು.

ತಂದೆ ಗುರುರಾಜ ಜೋಶಿಯವರು ಶಾಲೆಯ ಉಪಾಧ್ಯಾಯರು. ಬೀದಿಯಲ್ಲಿ ಭಜನೆಯ ಮೇಳವೋ ಬ್ಯಾಂಡಿನ ಮೆರವಣಿಗೆಯೋ ಹೊರಟರೆ ಹುಡುಗ ಅದರ ಬೆನ್ನು ಹತ್ತಿ ಹೋಗಿ, ದಣಿದಲ್ಲಿಯೇ ಮಲಗಿಬಿಡುತ್ತಿದ್ದನಂತೆ. ಹುಡುಕಿ ಬೇಸತ್ತ ತಂದೆ ಅವನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆದಿಟ್ಟರೆಂದು ಹೇಳುತ್ತಾರೆ. ಮಾಸ್ತರಿಕೆಯಲ್ಲಿಯೇ ತಲೆ ನರೆತ ನನಗೆ ಈ ಉಪಾಯ ಬಹಳ ಮೆಚ್ಚಿಗೆಯಾಗಿದೆ.

ಇಂಥ ಹುಡುಗನ ಕಿವಿಗೆ ಅಬ್ದುಲ್ ಕರೀಮ್ ಖಾನ್ ಸಾಹೇಬರ ಝಿಂಝೋಟಿ ರಾಗದ ಠುಮರಿ ಗ್ರಾಮೋಫೋನಿನಿಂದ ಬಿತ್ತು. ತಟ್ಟೆ ತಿರುಗಿದ್ದು ಮೂರು ನಿಮಿಷ. ಹುಡುಗ ತಿರುಗಿದ್ದು ಮೂರು ವರ್ಷ. 1933ರಲ್ಲಿ ಮನೆ ಬಿಟ್ಟು ಗ್ವಾಲಿಯರ್, ಜಲಂಧರಗಳವರೆಗೆ ಅಲೆದ. ಕಡೆಗೆ 1936ರಲ್ಲಿ ಗುರು ದೊರೆತದ್ದು ಧಾರವಾಡ ಸೀಮೆಯ ಕುಂದಗೋಳದಲ್ಲಿ, ಊರಿಗೆ ಸಮೀಪದಲ್ಲಿಯೇ! ಅವರು ಸವಾಯಿ ಗಂಧರ್ವರು, ಆ ಖಾನ್ ಸಾಹೇಬರ ಶಿಷ್ಯರು. ತಟ್ಟೆಯು ಹಂಬಲವನ್ನು ಹುಟ್ಟಿಸಿತೇ ಹೊರತು ಒಂದು ಪಲುಕನ್ನೂ ತಿದ್ದಿ ಕಲಿಸಲಾರದಾಯಿತು. ಅದಕ್ಕೆ ಗುರುಗೃಹದ ಸೇವೆಯೇ ಬೇಕಾಯಿತು.

1940ರ ದಶಕದ ಆರಂಭದಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿದ್ದ ಜೋಶಿಯವರ ಕಂಠವನ್ನು ನಾಯಿಯ ಚಿತ್ರದ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯವರು ಮುದ್ರಿಸಿದರು. ಹೊರಬಂದುದು ಖಯಾಲಲ್ಲ, ಕೆಲವು ಕನ್ನಡ ಮತ್ತು ಹಿಂದಿ ಭಕ್ತಿಗೀತೆಗಳು. ಇದನ್ನು ಕೇಳಿ ಕೆಲವು ರಸಿಕರು ಮೂಗು ಮುರಿಯುವುದುಂಟು. ತಟ್ಟೆಯ ಅಳತೆಯನ್ನು ನೋಡಿದರೆ ಮುರಿಯಬೇಕಾದುದಿಲ್ಲ. ನಿಮಿಷಕ್ಕೆ 78 ಸುತ್ತು ಸುತ್ತುವ ಹತ್ತು ಅಂಗುಲದ ಅರಗಿನ ತಟ್ಟೆಯ ಒಂದು ಮಗ್ಗುಲು ಮೂರು ನಿಮಿಷ ಚಿಲ್ಲರೆಯಲ್ಲಿ ತೀರುತ್ತದೆ. ಕಿರಾಣಾ ಘರಾಣೆಯ ಅತಿವಿಲಂಬಿತ ಏಕತಾಲದಲ್ಲಿ ಒಂದೇ ಆವರ್ತನಕ್ಕೆ ಮುಕ್ಕಾಲು ನಿಮಿಷವೋ ಒಂದು ನಿಮಿಷವೋ ಬೇಕು. ನಾಲ್ಕು ಸಲ ಸಮಕ್ಕೆ ಬರುವಷ್ಟರಲ್ಲಿ ಮುಳ್ಳು ತಟ್ಟೆಯ ನಡುವಿಗೆ ಬಂದು ನಿಲ್ಲುವುದು. ರಾಗ ಆಗಿನ್ನೂ ಕಣ್ಣು ತೆರೆದಿರುವುದಿಲ್ಲ. ದಾಸರ ಪದವಾದರೋ ಪಲ್ಲವಿ, ಎರಡು ಮೂರು ನುಡಿ, ಅಂಕಿತ, ಇಷ್ಟನ್ನೂ ಆ ಅವಧಿಯಲ್ಲಿ ಮುಗಿಸಿ ಮಂಗಳ ಹಾಡೀತು.

ಈ ಇಕ್ಕಟ್ಟು ಪಶ್ಚಿಮದವರಿಗೂ ತಪ್ಪಿರಲಿಲ್ಲ. ಮಾಹ್ಲರ್ ಎಂಬ ವಾಗ್ಗೇಯಕಾರನ 'ಭೂಮಿಯ ಗೀತೆ' ಇಬ್ಬರು ಗಾಯಕರು, ದೊಡ್ಡ ವಾದ್ಯವೃಂದ ಕೂಡಿ ಸುಮಾರು ಒಂದು ಗಂಟೆ ನಡೆಸುವ ಕೃತಿ. 1936ರಲ್ಲಿ, ನಮ್ಮ ಹುಡುಗ ಕುಂದಗೋಳ ಸೇರಿದ ವರ್ಷವೇ, ವಿಯೆನ್ನಾ ನಗರದಲ್ಲಿ ಬ್ರೂನೋ ವಾಲ್ಟರ್ ಅದನ್ನು ನಡೆಸಿದರು. ಚಾರ್ಲ್ಸ್ ಕುಲ್‌ಮನ್ ತಾರಕಂಠದಲ್ಲಿ ಹಾಡಿದರು. ಅದರ ಮುದ್ರಿಕೆಯನ್ನು ಹಲವು ತಟ್ಟೆಗಳಿಗೆ ಹಂಚಬೇಕಾಯಿತು. ಮನೆಯಲ್ಲಿ ಕೇಳುವವನು ನಾಲ್ಕೈದು ನಿಮಿಷಕ್ಕೊಮ್ಮೆ ಎದ್ದು ಮಗ್ಗುಲು ಬದಲಿಸಬೇಕು! ಅದು ಬರೆದಿಟ್ಟ ಕೃತಿ. ತುಂಡಾದರೂ ಮತ್ತೆ ಕೂಡಿಕೊಂಡೀತು. ಹಾಡುತ್ತ ಹಾಡುತ್ತಲೇ ಹುಟ್ಟುವ ಖಯಾಲನ್ನು ಎಲ್ಲಿ ಕತ್ತರಿಸುವುದು?

1943ರಲ್ಲಿ ಜೋಶಿಯವರು ಮುಂಬಯಿ ಸೇರಿ ರೇಡಿಯೋ ಕಲಾವಿದರಾದರು. ಅಲ್ಲಿಯೂ ಗಡಿಯಾರವಿತ್ತು, ಆದರೂ ಅರಗಿನ ತಟ್ಟೆಯಷ್ಟು ಜಿಪುಣನಲ್ಲ. ತರುವಾಯ ಮಗ್ಗುಲಿಗೆ ಇಪ್ಪತ್ತು ನಿಮಿಷ ನುಡಿಯುವ ದೀರ್ಘ ತಟ್ಟೆಗಳು ಬಂದವು. ಅವರ ಖಯಾಲು ಆಗ ಮನೆಮನೆಯಲ್ಲಿ ಕಾಲು ಚಾಚಿ ಕುಳಿತಿತು. ದಾಸರ ಪದಗಳನ್ನು ಮಾತ್ರ ಅವರು ಬಿಡಲಿಲ್ಲ. 2008ರಲ್ಲಿ ಭಾರತರತ್ನ ಘೋಷಣೆಯಾಯಿತು, 2011ರ ಜನವರಿ 24ರಂದು ಪುಣೆಯಲ್ಲಿ ತೀರಿಕೊಂಡರು. ಶುಕ್ರವಾರ ಸಂಜೆ ರೋಣದ ಓಣಿಗಳಲ್ಲಿ ಈಗಲೂ ಯಾವುದಾದರೊಂದು ಮನೆಯಿಂದ ಅವರ ಕಂಠದ ಲಕ್ಷ್ಮಿಯ ಪದ ಕೇಳಿಬರುತ್ತದೆ. ನಾನು ಸೈಕಲ್ಲಿನಿಂದ ಇಳಿದು ಅದು ಮುಗಿಯುವವರೆಗೆ ನಿಲ್ಲುತ್ತೇನೆ.