ಪಟ್ಟಿ ಕಟ್ಟುವವರ ಒಪ್ಪಿಗೆ

ಹುಬ್ಬಳ್ಳಿಗೆ ಪುರಸಭೆ ಬಂದದ್ದು 1855ರಲ್ಲಿ, ಧಾರವಾಡಕ್ಕೆ ಮರುವರ್ಷ. ಎರಡೂ ಹುಟ್ಟಿದ್ದು 1850ರ 26ನೇ ಕಾಯಿದೆಯಿಂದ. ವಿದ್ಯಾರ್ಥಿ ಮಿತ್ರರು ಗಮನಿಸಬೇಕಾದ ಒಂದು ಷರತ್ತು ಅದರಲ್ಲಿತ್ತು: ಊರಿನ ನಿವಾಸಿಗಳು ಬಯಸಿದರೆ ಮಾತ್ರ ಕಾಯಿದೆಯನ್ನು ಆ ಊರಿಗೆ ಅನ್ವಯಿಸಬೇಕು. ರಸ್ತೆ, ದೀಪ, ಚರಂಡಿ ಬೇಕೆನ್ನುವವರು ಅದಕ್ಕೆ ತಗಲುವ ಹಣ ಕೊಡಲೂ ಒಪ್ಪಬೇಕು ಎಂಬುದು ಇದರ ಅರ್ಥ.

ಇದಕ್ಕೆ ಮೊದಲು ಬಂಗಾಳದಲ್ಲಿ 1842ರ ಕಾಯಿದೆಯೊಂದಿತ್ತು. ಮೂರರಲ್ಲಿ ಎರಡು ಪಾಲು ಮನೆಯವರು ಅರ್ಜಿ ಕೊಟ್ಟರಷ್ಟೇ ಅದು ಜಾರಿಗೆ ಬರುತ್ತಿತ್ತು. ಒಂದೇ ಒಂದು ಊರು ಒಪ್ಪಿತು. ಅಲ್ಲಿಯೂ ತೆರಿಗೆ ಕೇಳಲು ಹೋದಾಗ ಜನ ಕೊಡಲಿಲ್ಲ, ಅತಿಕ್ರಮ ಪ್ರವೇಶವೆಂದು ಅಧಿಕಾರಿಯ ಮೇಲೆಯೇ ಮೊಕದ್ದಮೆ ಹೂಡಿದರು! ನಮ್ಮ ಮುಂಬಯಿ ಪ್ರಾಂತ ಈ ತೊಡಕನ್ನು ಜಕಾತಿಯಿಂದ ದಾಟಿತು. ಊರೊಳಗೆ ಬರುವ ಸರಕಿನ ಮೇಲೆ ನಾಕಾದಲ್ಲಿ ವಸೂಲಾಗುವ ಈ ಹಣ ಸಾಮಾನ್ಯರ ಕಣ್ಣಿಗೆ ಬೀಳುವುದಿಲ್ಲ, ಸಾಮಾನಿನ ಬೆಲೆಯಲ್ಲಿ ಕರಗಿಹೋಗುತ್ತದೆ. ಹುಬ್ಬಳ್ಳಿಯಂಥ ವ್ಯಾಪಾರದ ಪೇಟೆಗೆ ಅದು ಹೇಳಿ ಮಾಡಿಸಿದ ತೆರಿಗೆ. ಆದರೆ ಊರಿನ ಇಚ್ಛೆಯೆಂದರೆ ಯಾರ ಇಚ್ಛೆ? ಆಡಳಿತಕ್ಕೆ ಕುಳಿತವರು ಸರ್ಕಾರ ನೇಮಿಸಿದ ಕಮಿಷನರರು. ಒಪ್ಪಿಗೆ ಎಂಬ ಮಾತು ದೊಡ್ಡದು, ಒಪ್ಪಿದವರು ಕೆಲವೇ ಮಂದಿ.

ಈ ಪ್ರಶ್ನೆಯನ್ನು ಅಮೆರಿಕದ ಕ್ಯಾಲಿಫೋರ್ನಿಯಾ ಮತಪೆಟ್ಟಿಗೆಗೇ ಒಯ್ದಿತು. 2006ರ ನವೆಂಬರಿನಲ್ಲಿ ಸಾರಿಗೆಗೆಂದು ಸುಮಾರು 2,000 ಕೋಟಿ ಡಾಲರ್, ವಸತಿಗೆಂದು 285 ಕೋಟಿ ಡಾಲರ್ ಸಾಲಪತ್ರಗಳನ್ನು ಹೊರಡಿಸಬಹುದೇ ಎಂದು ಅಲ್ಲಿನ ಮತದಾರರನ್ನು ಕೇಳಲಾಯಿತು. ಪರ-ವಿರೋಧದ ವಾದ, ಬಡ್ಡಿಯ ಅಂದಾಜು ಎಲ್ಲವೂ ಇದ್ದ ಪುಸ್ತಿಕೆ ಮೊದಲೇ ಅವರ ಮನೆಗೆ ಬಂದಿತ್ತು. ಎರಡಕ್ಕೂ ಜನ ಹೂಂ ಎಂದರು. ಆದರೆ 1978ರ ತಿದ್ದುಪಡಿಯ ನಂತರ ಅಲ್ಲಿನ ಊರೊಂದು ನಿರ್ದಿಷ್ಟ ಉದ್ದೇಶಕ್ಕೆ ತೆರಿಗೆ ಹಾಕಲು ಮೂರರಲ್ಲಿ ಎರಡು ಪಾಲು ಮತ ಬೇಕೆಂಬ ನಿಯಮ ಬಂದಿತು. ಬಂಗಾಳದ ಅದೇ ಭಿನ್ನರಾಶಿ! ನೂರರಲ್ಲಿ ಅರವತ್ತು ಜನ ಬೇಕೆಂದರೂ ಬಸ್ಸು ಬರುವುದಿಲ್ಲ. ವಿಜ್ಞಾನ ಓದಿದ ನನಗೆ ಈ ಲೆಕ್ಕ ನ್ಯಾಯವೆನಿಸುವುದಿಲ್ಲ.

ನಮ್ಮಲ್ಲಿ ಇಂಥ ಮತದಾನವೇ ಇಲ್ಲ. 1962ರಲ್ಲಿ ಎರಡೂ ಊರು ಸೇರಿ ಒಂದೇ ಮಹಾನಗರಪಾಲಿಕೆಯಾಯಿತು. 1979ರಲ್ಲಿ ಕರ್ನಾಟಕ ಜಕಾತಿಯನ್ನು ರದ್ದು ಮಾಡಿತು. ನಾಕಾದ ಮುಂದೆ ಲಾರಿಗಳ ಸಾಲು ಕರಗಿತು ನಿಜ, ಆದರೆ ಊರಿನ ಸ್ವಂತ ಗಳಿಕೆಯೂ ಹೋಯಿತು. ಮನೆಪಟ್ಟಿಯೊಂದರಿಂದ ಇಷ್ಟು ದೊಡ್ಡ ಅವಳಿನಗರದ ರಸ್ತೆ, ವಸತಿ ಎರಡೂ ಸಾಗಬೇಕೆಂದರೆ ಹೇಗೆ? ದೊಡ್ಡ ಕೆಲಸಕ್ಕೆಲ್ಲ ಬೆಂಗಳೂರು-ದೆಹಲಿಗಳತ್ತ ಕೈಚಾಚುವುದೇ ರೂಢಿಯಾಯಿತು.

ಅದರ ಫಲವೇ ಎರಡೂ ಊರನ್ನು ಜೋಡಿಸುವ 22 ಕಿಲೋಮೀಟರಿನ ತ್ವರಿತ ಬಸ್ ಮಾರ್ಗ. 2012ರಲ್ಲಿ ಅದಕ್ಕೊಂದು ಕಂಪನಿ ಸ್ಥಾಪನೆಯಾಯಿತು. ಕೇಂದ್ರ, ರಾಜ್ಯ ಮತ್ತು ವಿಶ್ವಬ್ಯಾಂಕಿನ ಹಣ ಸೇರಿತು. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಓಡಿದ 'ಚಿಗರಿ' ಬಸ್ಸುಗಳಿಗೆ 2020ರ ಫೆಬ್ರವರಿಯಲ್ಲಿ ವಿಧ್ಯುಕ್ತ ಉದ್ಘಾಟನೆಯಾಯಿತು. ಕಾಲೇಜು ಹುಡುಗರಿಗೆ ಅವು ಅಚ್ಚುಮೆಚ್ಚು. ಪಕ್ಕದ ಇಕ್ಕಟ್ಟಿನ ದಾರಿಯಲ್ಲಿ ಸಿಕ್ಕಿಬೀಳುವ ಸ್ಕೂಟರಿನವರು ಮಾತ್ರ ಬೇರೆ ಮಾತಾಡುತ್ತಾರೆ. ಈ ಎರಡು ಅಭಿಪ್ರಾಯಗಳನ್ನು ಕಾಮಗಾರಿಗೆ ಮೊದಲೇ ಮತದ ಮೂಲಕ ತೂಗಿನೋಡುವ ತಕ್ಕಡಿ ನಮ್ಮಲ್ಲಿರಲಿಲ್ಲ.

2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಕೊಡಲು ಒಪ್ಪಿತು. ಅನುದಾನದಲ್ಲಿ ತಮ್ಮ ಪಾಲು ಬರುತ್ತಿಲ್ಲವೆಂಬುದು ಧಾರವಾಡದವರ ಹಳೆಯ ದೂರು. ಇಂಥ ಬದಲಾವಣೆಗೆ ಮೊದಲು ಕರಡು ಅಧಿಸೂಚನೆ ಹೊರಡಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕೆಂದು ಕಾಯಿದೆ ಹೇಳುತ್ತದೆ. ಮತಚೀಟಿ ಇಲ್ಲದ ಕಡೆ ನಾಗರಿಕನಿಗೆ ಉಳಿದಿರುವುದು ಈ ಒಂದು ಹಾಳೆ ಅರ್ಜಿ. ಅದನ್ನು ಬರೆಯಲು ವಕೀಲರೇ ಬೇಕಿಲ್ಲ.