240 ದಿನಗಳ ಲೆಕ್ಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಟ್ಟ ಏರಿದ ತೆಂಗಿನಕಾಯಿ ಉಂಡೆ ಕೊಬ್ಬರಿಯಾಗಿ ಇಳಿಯಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಕಾಯಿ ಅಲ್ಲೇ ಇರುತ್ತದೆ. ಅದನ್ನು ಸುಲಿಯುವವರು, ಚಿಪ್ಪು ಒಡೆಯುವವರು ಮಾತ್ರ ಇಂದು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ. ‘ನಾಳೆಯಿಂದ ಬರಬೇಡ’ ಎಂದರೆ ಕೆಲಸ ಮುಗಿಯಿತು. ಇಂಥ ಮಾತಿಗೆ ಕಾನೂನಿನಲ್ಲಿ ಒಂದು ಚರಿತ್ರೆಯಿದೆ.

1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ 1953ರಲ್ಲಿ ಹೊಸ ಅಧ್ಯಾಯವೊಂದು ಸೇರಿತು. ಹಿಂದಿನ 12 ತಿಂಗಳಲ್ಲಿ 240 ದಿನ ದುಡಿದವರನ್ನು ‘ಹೆಚ್ಚುವರಿ’ ಎಂದು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸು ಇಲ್ಲವೇ ಅಷ್ಟು ಸಂಬಳ ಕೊಡಬೇಕು. ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳವನ್ನು ಪರಿಹಾರವಾಗಿ ಕೊಡಬೇಕು. ಯಾರನ್ನು ತೆಗೆಯಬೇಕೆಂಬುದಕ್ಕೂ ನಿಯಮವಿತ್ತು: ಸಾಮಾನ್ಯವಾಗಿ ಒಂದೇ ಬಗೆಯ ಕೆಲಸದವರಲ್ಲಿ ಕೊನೆಗೆ ಸೇರಿದವರು ಮೊದಲು ಹೊರಡಬೇಕು. ಹಾಗಲ್ಲದೆ ಬೇರೆಯವರನ್ನು ತೆಗೆದರೆ ಮಾಲೀಕರು ಕಾರಣವನ್ನು ಬರೆದಿಡಬೇಕು. ಮತ್ತೆ ಆಳು ಬೇಕಾದಾಗ ತೆಗೆದವರಿಗೇ ಮೊದಲ ಅವಕಾಶ.

1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ ‘ಉದ್ಯಮ’ ಎಂಬ ಮಾತಿನ ಅರ್ಥವನ್ನೇ ಹಿಗ್ಗಿಸಿತು. ವ್ಯವಸ್ಥಿತವಾದ ಕೆಲಸ, ಮಾಲೀಕ-ನೌಕರರ ಸಹಕಾರ, ಜನರಿಗೆ ಬೇಕಾದ ಸರಕು ಅಥವಾ ಸೇವೆ ಇದ್ದರೆ ಲಾಭದ ಉದ್ದೇಶವಿಲ್ಲದಿದ್ದರೂ ಅದು ಉದ್ಯಮವೇ ಎಂದರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಆ ಅಳತೆಯಲ್ಲಿ ನಮ್ಮ ನಾರಿನ ಕಾರ್ಖಾನೆಯೂ ಉದ್ಯಮವೇ.

ಬಾಗಿಲೇನೋ ತೆರೆಯಿತು. ಆದರೆ ಒಳಗೆ ಹೋಗಲು 240 ದಿನಗಳ ಪುರಾವೆ ಬೇಕು. ಅದನ್ನು ಕೊಡುವವರು ಯಾರು? ಈ ಪ್ರಶ್ನೆಗೆ ಉತ್ತರ ಬಂದದ್ದೂ ಕರ್ನಾಟಕದ ದಿನಗೂಲಿ ನೌಕರರಿಬ್ಬರ ಪ್ರಕರಣಗಳಿಂದ. ಅರಣ್ಯ ಇಲಾಖೆಯ ಹಾದಿಮನಿ ಪ್ರಕರಣದಲ್ಲಿ, 2002ರಲ್ಲಿ, ಸುಪ್ರೀಂ ಕೋರ್ಟು ದಿನಗಳನ್ನು ಕಾರ್ಮಿಕನೇ ರುಜುವಾತುಪಡಿಸಬೇಕು, ಅವನ ಪ್ರಮಾಣಪತ್ರವೊಂದೇ ಸಾಲದು ಎಂದಿತು. ಕೆಳಗಿನ ಹಂತಗಳಲ್ಲಿ ಗೆದ್ದಿದ್ದವರು ಅಲ್ಲಿ ಸೋತರು. 2005ರ ಯಲ್ಲಟ್ಟಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ವಾಸ್ತವವನ್ನು ಒಪ್ಪಿಕೊಂಡಿತು: ದಿನಗೂಲಿಯವರಿಗೆ ನೇಮಕಾತಿ ಪತ್ರವಿರುವುದಿಲ್ಲ, ಕೂಲಿಗೆ ರಸೀದಿಯಿರುವುದಿಲ್ಲ. ಹಾಗಾಗಿ ಕಾರ್ಮಿಕ ಸಾಕ್ಷಿ ಕಟ್ಟೆಗೆ ಬಂದು ಹೇಳಿ, ಹಾಜರಿ ಪುಸ್ತಕ ತರಿಸಿ ಎಂದು ಕೇಳಬಹುದು. ಯಲ್ಲಟ್ಟಿಯವರ ಬಳಿ ಅಧಿಕಾರಿಯೊಬ್ಬರು ಬರೆದುಕೊಟ್ಟ ಸೇವಾ ಪತ್ರವಿತ್ತು. ಅವರು ಗೆದ್ದರು.

2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ 240 ದಿನದ ಲೆಕ್ಕ ಉಳಿದಿದೆ, ಕೊನೆಗೆ ಬಂದವರು ಮೊದಲು ಎಂಬ ನಿಯಮವೂ ಉಳಿದಿದೆ. ಕೊಬ್ಬರಿ ಸೀಮೆಯ ಕೂಲಿಯವರು ವರ್ಷವಿಡೀ ದುಡಿಯುತ್ತಾರೆ. ಆದರೆ ಹತ್ತು ಮನೆಗೆ ಹಂಚಿಹೋದ ದಿನಗಳು ಯಾರೊಬ್ಬರ ಪುಸ್ತಕದಲ್ಲೂ 240 ಆಗುವುದಿಲ್ಲ. ಎಷ್ಟೋ ಕಡೆ ಆ ಪುಸ್ತಕವೇ ಇರುವುದಿಲ್ಲ. ಕೊನೆಗೆ ಬಂದವರು ಯಾರೆಂದು ಹೇಳಬೇಕಾದರೆ, ಅವರು ಬಂದ ದಿನವನ್ನು ಯಾರಾದರೂ ಬರೆದಿಟ್ಟಿರಬೇಕಲ್ಲ?